ಹಾಲಿಲ್ಲದ ಚೀಸ್‌ಕೇಕ್: ಯಾರ ಕೆಲಸ ಯಾರು ಮಾಡಬೇಕು?

ಚೀಸ್‌ಕೇಕ್ ಎಂಬ ತಿನಿಸಿನ ಹೆಸರಿನಲ್ಲೇ ಚೀಸ್ ಇದೆ. ಅದನ್ನು ಹಾಲಿನ ಯಾವ ಪದಾರ್ಥವನ್ನೂ ಸೇರಿಸದೆ, ಸಕ್ಕರೆ ಮತ್ತು ಬಿಸ್ಕತ್ತನ್ನೂ ಬಳಸದೆ ಮನೆಯಲ್ಲಿ ತಯಾರಿಸಬೇಕು ಎಂದರೆ, ಎಣ್ಣೆಯಿಲ್ಲದೆ ಬಜ್ಜಿ ಕರಿಯಿರಿ ಎಂದಂತೆ ಕೇಳಿಸಬಹುದು. ಆದರೆ ಇದು ಬರಿಯ ಹುಡುಗಾಟದ ಪ್ರಶ್ನೆಯಲ್ಲ. ಹಾಲಿನ ಪ್ರೋಟೀನ್ ಒಗ್ಗದ ಮಕ್ಕಳಿದ್ದಾರೆ. ಹಾಲು ಕುಡಿದರೆ ಹೊಟ್ಟೆಯುಬ್ಬರದಿಂದ ಬಳಲುವ ದೊಡ್ಡವರಿದ್ದಾರೆ. ಮಧುಮೇಹ ಇರುವವರ ಸಂಖ್ಯೆಯನ್ನಂತೂ ಹೇಳಬೇಕಾಗಿಯೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ಒಂದೇ ಮನೆಯಲ್ಲಿ ಹಾಲು ಒಗ್ಗದ ಮೊಮ್ಮಗಳೂ ಮಧುಮೇಹವಿರುವ ಅಜ್ಜನೂ ಇರುವುದು ಈಗ ಅಪರೂಪವಲ್ಲ. ಹುಟ್ಟುಹಬ್ಬದ ದಿನ ಇಬ್ಬರೂ ತಿನ್ನಬಹುದಾದ ಸಿಹಿ ಯಾವುದು?

ಇಂಥ ಅಡುಗೆಗೆ ಕೈಹಾಕುವವರು ಸಾಮಾನ್ಯವಾಗಿ ಒಂದು ಪದಾರ್ಥವನ್ನು ತೆಗೆದು, ಅದರಂತೆ ಕಾಣುವ ಇನ್ನೊಂದನ್ನು ಹಾಕುತ್ತಾರೆ. ಫಲಿತಾಂಶ ಹಲವು ಬಾರಿ ನೀರುನೀರಾಗಿರುತ್ತದೆ, ಇಲ್ಲವೆ ರಬ್ಬರಿನಂತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ತೆಗೆದುಹಾಕಿದ ಪದಾರ್ಥ ಅಲ್ಲಿ ಯಾವ ಯಾವ ಕೆಲಸ ಮಾಡುತ್ತಿತ್ತು? ಆ ಕೆಲಸಗಳನ್ನು ಈಗ ಯಾರು ಮಾಡುತ್ತಾರೆ? ಈ ದೃಷ್ಟಿಯಿಂದ ಚೀಸ್‌ಕೇಕನ್ನು ಬಿಡಿಸಿ ನೋಡೋಣ.

ಕೇಕಿಗಿಂತ ಗಿಣ್ಣಿಗೆ ಹತ್ತಿರ

ಹೆಸರಿನಲ್ಲಿ ಕೇಕ್ ಎಂದಿದ್ದರೂ ಇದು ಮೈದಾ ಉಬ್ಬಿ ಆಗುವ ಕೇಕಲ್ಲ. ಕೆಳಗೆ ಪುಡಿಮಾಡಿದ ಬಿಸ್ಕತ್ತು ಮತ್ತು ಬೆಣ್ಣೆಯ ಗಟ್ಟಿ ತಳ, ಮೇಲೆ ಮೆತ್ತನೆಯ ಚೀಸ್, ಸಕ್ಕರೆ, ಮೊಟ್ಟೆಗಳ ಹೂರಣ. ಇದನ್ನು ಹದವಾದ ಶಾಖದಲ್ಲಿ ಬೇಯಿಸಿ ತಣಿಸಿದಾಗ ಹೂರಣ ಮೃದುವಾಗಿ ಗಟ್ಟಿಗೊಳ್ಳುತ್ತದೆ. ಕ್ರಿ.ಪೂ. 2ನೆಯ ಶತಮಾನದ ರೋಮನ್ ಲೇಖಕ ಕೇಟೊ ಬೇಸಾಯದ ಬಗ್ಗೆ ಬರೆದ ಗ್ರಂಥದಲ್ಲಿ ಚೀಸ್, ಹಿಟ್ಟು, ಜೇನು ಮತ್ತು ಒಂದು ಮೊಟ್ಟೆ ಸೇರಿಸಿ ಬೇಯಿಸಿ, ಮೇಲೆ ಜೇನು ಸವರಿ ಗಸಗಸೆ ಉದುರಿಸುವ ತಿನಿಸೊಂದರ ವಿವರವಿದೆ. ಇಂದು ಅಮೆರಿಕದ ಮಾದರಿಯಲ್ಲಿ ಬಳಸುವ ಕ್ರೀಮ್ ಚೀಸ್ 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್‌ನಲ್ಲಿದ್ದ ವಿಲಿಯಂ ಲಾರೆನ್ಸ್ ಎಂಬ ಹೈನೋದ್ಯಮಿಯಿಂದ ವಾಣಿಜ್ಯ ತಯಾರಿಕೆಗೆ ಬಂದಿತು.

ನಮ್ಮವರಿಗೆ ಇದರ ಹತ್ತಿರದ ನೆಂಟ ಎಂದರೆ ಗಿಣ್ಣು. ಮಾಮೂಲಿ ಹಾಲನ್ನು ಎಷ್ಟು ಕಾಯಿಸಿದರೂ ಅದು ಗಡ್ಡೆಕಟ್ಟುವುದಿಲ್ಲ. ಏಕೆಂದರೆ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡ 80ರಷ್ಟು ಇರುವ ಕೇಸೀನ್ ಶಾಖವನ್ನು ತಾಳಿಕೊಳ್ಳುತ್ತದೆ. ಕರು ಹಾಕಿದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಶಾಖಕ್ಕೆ ಹೆಪ್ಪುಗಟ್ಟುವ ಬೇರೆ ಪ್ರೋಟೀನುಗಳು ಹೇರಳವಾಗಿರುತ್ತವೆ. ಹಾಗಾಗಿ ಹಬೆಯಲ್ಲಿಟ್ಟರೆ ಸಾಕು, ಗಿಣ್ಣು ತಾನಾಗಿ ಕೂಡಿಕೊಳ್ಳುತ್ತದೆ. ಗಿಣ್ಣುಹಾಲು ಸಿಗದಿದ್ದಾಗ ಮಾಮೂಲಿ ಹಾಲಿಗೆ ಮೊಟ್ಟೆ ಅಥವಾ ಚೈನಾ ಗ್ರಾಸ್ ಹಾಕಿ ಗಿಣ್ಣಿನಂಥ ತಿನಿಸನ್ನು ಮಾಡುವವರಿದ್ದಾರೆ. ಅಂದರೆ 'ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು ನೇಮಿಸುವ' ಉಪಾಯ ನಮ್ಮ ಅಡುಗೆಮನೆಗೆ ಹೊಸದಲ್ಲ.

ಶರ್ಕರಪಿಷ್ಟ ಎಲ್ಲಿಂದ ಬರುತ್ತದೆ?

ಮೊದಲು ಲೆಕ್ಕ ಹಾಕೋಣ. 15 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಮಾಮೂಲಿ ಚೀಸ್‌ಕೇಕ್ ಮಾಡಲು ಸುಮಾರು 450 ಗ್ರಾಂ ಕ್ರೀಮ್ ಚೀಸ್, 130 ಗ್ರಾಂ ಸಕ್ಕರೆ, 120 ಗ್ರಾಂ ಬಿಸ್ಕತ್ತು, ಎರಡು ಮೊಟ್ಟೆ ಮತ್ತು ಸ್ವಲ್ಪ ಬೆಣ್ಣೆ ಬೇಕು ಎಂದಿಟ್ಟುಕೊಳ್ಳಿ. ಕ್ರೀಮ್ ಚೀಸಿನ ಪ್ರತಿ 100 ಗ್ರಾಂನಲ್ಲಿ ಸುಮಾರು 34 ಗ್ರಾಂ ಕೊಬ್ಬು, 6 ಗ್ರಾಂ ಪ್ರೋಟೀನ್ ಇರುತ್ತವೆ; ಶರ್ಕರಪಿಷ್ಟ ಇರುವುದು ಐದೂವರೆ ಗ್ರಾಂ ಮಾತ್ರ. ಹೀಗೆ ಚೀಸಿನಿಂದ ಬರುವ ಶರ್ಕರಪಿಷ್ಟ ಸುಮಾರು 25 ಗ್ರಾಂ. ಸಕ್ಕರೆಯಿಂದ 130 ಗ್ರಾಂ. ಬಿಸ್ಕತ್ತಿನ ತೂಕದಲ್ಲಿ ಮುಕ್ಕಾಲು ಪಾಲು ಶರ್ಕರಪಿಷ್ಟವೇ ಆದ್ದರಿಂದ ಅದರಿಂದ 90 ಗ್ರಾಂ. ಒಟ್ಟು 245 ಗ್ರಾಂ. ಎಂಟು ಹೋಳು ಮಾಡಿದರೆ ಒಂದೊಂದರಲ್ಲಿ ಸುಮಾರು 30 ಗ್ರಾಂ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಒಟ್ಟು ಶರ್ಕರಪಿಷ್ಟದಲ್ಲಿ ಹತ್ತನೆಯ ಒಂಬತ್ತು ಪಾಲು ಸಕ್ಕರೆ ಮತ್ತು ಬಿಸ್ಕತ್ತಿನಿಂದ ಬರುತ್ತಿದೆ. ಚೀಸಿನ ಪಾಲು ಹತ್ತರಲ್ಲಿ ಒಂದು. ಆದ್ದರಿಂದ 'ಹಾಲು ತೆಗೆದುಹಾಕುವುದು' ಮತ್ತು 'ಶರ್ಕರಪಿಷ್ಟ ತಗ್ಗಿಸುವುದು' ಎರಡು ಬೇರೆ ಬೇರೆ ಕೆಲಸಗಳು. ಅಷ್ಟೇ ಅಲ್ಲ, ಅವು ಒಂದನ್ನೊಂದು ಎಳೆದಾಡುತ್ತವೆ. ಹಾಲಿಲ್ಲದ ಚೀಸ್‌ಕೇಕಿಗೆ ಹೆಚ್ಚಾಗಿ ಬಳಸುವುದು ನೆನೆಸಿ ರುಬ್ಬಿದ ಗೋಡಂಬಿ. 100 ಗ್ರಾಂ ಗೋಡಂಬಿಯಲ್ಲಿ ಸುಮಾರು 30 ಗ್ರಾಂ ಶರ್ಕರಪಿಷ್ಟವಿದೆ. ಅದರಲ್ಲಿ ನಾರು 3 ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಚೀಸಿನ ಜಾಗವನ್ನೆಲ್ಲ ಗೋಡಂಬಿಗೆ ಬಿಟ್ಟುಕೊಟ್ಟರೆ ಹಾಲಿನ ತೊಂದರೆಯೇನೋ ತಪ್ಪುತ್ತದೆ, ಆದರೆ ಮಧುಮೇಹಿಯ ಲೆಕ್ಕ ಕೆಡುತ್ತದೆ. 'ಹಾಲಿಲ್ಲದ್ದು' ಎಂದೊಡನೆ 'ಸಕ್ಕರೆ ಕಾಯಿಲೆಗೆ ಒಳ್ಳೆಯದು' ಎಂದು ತಿಳಿಯುವುದು ತಪ್ಪು.

ಚೀಸಿನ ನಾಲ್ಕು ಕೆಲಸಗಳು

ಹೂರಣದಲ್ಲಿ ಚೀಸ್ ನಾಲ್ಕು ಕೆಲಸ ಮಾಡುತ್ತದೆ. ಪ್ರೋಟೀನಿನ ಬಲೆ ಹೆಣೆದು ಮೈಕಟ್ಟು ಕೊಡುವುದು, ಕೊಬ್ಬಿನಿಂದ ನುಣುಪು ಕೊಡುವುದು, ನೀರನ್ನು ಹಿಡಿದಿಡುವುದು, ಹುಳಿ ಕೊಡುವುದು. ಒಂದೇ ಪದಾರ್ಥ ಇವೆಲ್ಲವನ್ನೂ ಮಾಡುವಂತೆ ಸಸ್ಯಮೂಲದಲ್ಲಿ ಸಿಗುವುದು ಕಷ್ಟ. ಆದ್ದರಿಂದ ಕೆಲಸವನ್ನು ಹಂಚಬೇಕು.

*ಪ್ರೋಟೀನಿಗೆ ಸೋಯಾ ಪನೀರ್.* ಅಂಗಡಿಗಳಲ್ಲಿ ಇದನ್ನು ಟೋಫು ಎಂದೂ ಮಾರುತ್ತಾರೆ. ಹಾಲಿನ ಕೇಸೀನ್ ಕಣಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಹಿಂಡಿದಾಗ, ಪಿಎಚ್ 4.6ರ ಆಸುಪಾಸಿನಲ್ಲಿ, ಈ ವಿದ್ಯುದಂಶ ಇಲ್ಲದಂತಾಗಿ ಕಣಗಳು ಒಟ್ಟುಗೂಡುತ್ತವೆ. ಇದನ್ನೇ ನಾವು ಹಾಲು ಒಡೆಯಿತು ಎನ್ನುವುದು. ಸೋಯಾ ಅವರೆಯ ಪ್ರೋಟೀನುಗಳೂ ಹೆಚ್ಚುಕಡಿಮೆ ಇದೇ ಹುಳಿಯಲ್ಲಿ ಗುಂಪುಗೂಡುತ್ತವೆ. ನೆನೆಸಿ ರುಬ್ಬಿ, ಚೆನ್ನಾಗಿ ಕುದಿಸಿ ಸೋಸಿದ ಸೋಯಾ ಹಾಲು ತುಸು ಆರಿ 80° ಸೆ.ಗೆ ಬಂದಾಗ ನಿಂಬೆರಸ ಬೆರೆಸಿದರೆ ಅದೂ ಪನೀರಿನಂತೆಯೇ ಒಡೆಯುತ್ತದೆ. ಮೆತ್ತನೆಯ ಸೋಯಾ ಪನೀರಿನ 100 ಗ್ರಾಂನಲ್ಲಿ ಶರ್ಕರಪಿಷ್ಟ ಸುಮಾರು 2 ಗ್ರಾಂ. ನಮ್ಮ ಉದ್ದೇಶಕ್ಕೆ ಇದಕ್ಕಿಂತ ಅನುಕೂಲವಾದದ್ದು ಬೇಕಿಲ್ಲ. ಇದರ ದೋಷ ಹಸಿಕಾಳಿನ ವಾಸನೆ. ಕಾಳು ರುಬ್ಬುವಾಗ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಅದರ ಎಣ್ಣೆಯ ಮೇಲೆ ವರ್ತಿಸುವುದರಿಂದ ಈ ವಾಸನೆ ಹುಟ್ಟುತ್ತದೆ. ಮನೆಯಲ್ಲೇ ಸೋಯಾ ಹಾಲು ತೆಗೆಯುವವರು ಕುದಿಯುವ ನೀರು ಹಾಕಿ ರುಬ್ಬಿದರೆ ಕಿಣ್ವ ನಿಷ್ಕ್ರಿಯವಾಗಿ ವಾಸನೆ ತಗ್ಗುತ್ತದೆ. ಕೊಂಡುತಂದ ಪನೀರನ್ನು ಐದು ನಿಮಿಷ ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಬಹುದು.

*ಕೊಬ್ಬಿಗೆ ತೆಂಗಿನ ಹಾಲು.* ಹಿಂಡಿದ ಮೊದಲ ಹಾಲಿನಲ್ಲಿ ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಕೊಬ್ಬು ಇರುತ್ತದೆ. ತೆಂಗಿನ ಕೊಬ್ಬು ಸುಮಾರು 24° ಸೆ.ನಲ್ಲಿ ಕರಗುತ್ತದೆ. ಅಂದರೆ ಫ್ರಿಜ್ಜಿನಲ್ಲಿ ಗಟ್ಟಿ, ಬಾಯಿಯಲ್ಲಿ ನೀರು. ಹಾಲಿನ ಕೊಬ್ಬು ಕೂಡ ಬಾಯಿಯಲ್ಲಿ ಕರಗುತ್ತದೆ. ಆದರೆ ಅದು ಪೂರ್ತಿ ಕರಗಬೇಕಾದರೆ 30° ಸೆ. ದಾಟಬೇಕು. ಈ ವ್ಯತ್ಯಾಸದಿಂದಾಗಿ ಮಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ತೆಂಗಿನ ಹಾಲನ್ನೇ ನಂಬಿದ ಕೇಕ್ ಮೇಜಿನ ಮೇಲೆ ಕುಸಿಯುತ್ತದೆ. ಆದ್ದರಿಂದ ಮೈಕಟ್ಟಿನ ಹೊಣೆಯನ್ನು ತೆಂಗಿಗೆ ವಹಿಸಬಾರದು, ನುಣುಪಿನ ಹೊಣೆಯನ್ನು ಮಾತ್ರ ವಹಿಸಬೇಕು. ಇನ್ನೊಂದು ಮಾತು: ತೆಂಗಿನ ಹಾಲಿನ ಕೊಬ್ಬಿನ ಹನಿಗಳನ್ನು ಸುತ್ತುವರಿದು ಹಿಡಿದಿರುವುದು ಅದರದೇ ಪ್ರೋಟೀನುಗಳು. ಸುಮಾರು 80° ಸೆ. ದಾಟಿದರೆ ಆ ಪ್ರೋಟೀನುಗಳು ಸ್ವರೂಪ ಕಳೆದುಕೊಂಡು ಹಾಲು ಒಡೆದಂತಾಗುತ್ತದೆ. ಇದನ್ನು ಕುದಿಸಕೂಡದು.

*ನೀರು ಹಿಡಿಯಲು ಸ್ವಲ್ಪ ಗೋಡಂಬಿ.* ಗೋಡಂಬಿಯಲ್ಲಿ ಪಿಷ್ಟ ಇರುವುದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ನುಣ್ಣನೆಯ ಹಿಟ್ಟು ಸೋಯಾ ಪನೀರಿನ ತರಿಯನ್ನು ಮರೆಮಾಡುತ್ತದೆ, ನೀರು ಬಿಟ್ಟುಕೊಳ್ಳುವುದನ್ನು ತಗ್ಗಿಸುತ್ತದೆ. ಆದರೆ 50 ಗ್ರಾಂ ಮಿತಿ.

*ಹುಳಿಗೆ ನಿಂಬೆ.* ಕ್ರೀಮ್ ಚೀಸಿನ ಹುಳಿ ಬ್ಯಾಕ್ಟೀರಿಯಗಳು ತಯಾರಿಸಿದ ಲ್ಯಾಕ್ಟಿಕ್ ಆಮ್ಲದ್ದು. ನಿಂಬೆಯದು ಸಿಟ್ರಿಕ್ ಆಮ್ಲ. ಅದು ನಾಲಿಗೆಗೆ ಚುರುಕಾಗಿ ತಾಕಿ ಬೇಗ ಮರೆಯಾಗುತ್ತದೆ. ಒಂದು ಚಿಟಿಕೆಗಿಂತ ತುಸು ಹೆಚ್ಚು ಉಪ್ಪು ಸೇರಿಸಿದರೆ ಹುಳಿಯ ಮೊನಚು ತಗ್ಗಿ ಚೀಸಿನ ನೆನಪು ಬರುತ್ತದೆ.

ಗಟ್ಟಿಗೊಳಿಸುವವರು

ಮಾಮೂಲಿ ಚೀಸ್‌ಕೇಕನ್ನು ಕೂಡಿಸುವುದು ಮೊಟ್ಟೆ. ಮೊಟ್ಟೆಯ ಬಿಳಿಭಾಗ 62° ಸೆ. ಸುಮಾರಿಗೆ, ಹಳದಿ ಭಾಗ 65° ಸೆ. ಸುಮಾರಿಗೆ ಗಟ್ಟಿಯಾಗತೊಡಗುತ್ತವೆ. ದ್ರವ ಮತ್ತು ಸಕ್ಕರೆಯೊಡನೆ ಬೆರೆತಾಗ ಈ ಉಷ್ಣತೆ ಏರುತ್ತದೆ. ಸಕ್ಕರೆ ಪ್ರೋಟೀನಿನ ಮಡಿಕೆಗಳು ಬೇಗ ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ಸಕ್ಕರೆ ತೆಗೆದ ಮೊಟ್ಟೆಯ ಹೂರಣ ಹೇಳಿದ ಸಮಯಕ್ಕಿಂತ ಮೊದಲೇ ಬೆಂದು, ಪ್ರೋಟೀನಿನ ಬಲೆ ಬಿಗಿದು, ನೀರನ್ನು ಹೊರದೂಡಿ ಬಿರುಕು ಬಿಡುವುದಕ್ಕೆ ಇದೂ ಒಂದು ಕಾರಣ. ಮೊಟ್ಟೆ ಬಳಸುವವರು ನೀರಿನ ತಟ್ಟೆಯೊಳಗಿಟ್ಟು ಮಂದ ಶಾಖದಲ್ಲಿ ಬೇಯಿಸಿ, ನಡುಭಾಗ ಇನ್ನೂ ತುಸು ಅಲುಗುತ್ತಿರುವಾಗಲೇ ಒಲೆ ಆರಿಸಬೇಕು.

ಮೊಟ್ಟೆ ತಿನ್ನದವರೂ ಒವನ್ ಇಲ್ಲದವರೂ ನಮ್ಮಲ್ಲಿ ಬಹಳ. ಅವರಿಗೆ ಒದಗುವುದು ಅಗರ್, ಅಂದರೆ ಅಂಗಡಿಯವರು ಚೈನಾ ಗ್ರಾಸ್ ಎಂದು ಕೊಡುವ ಪದಾರ್ಥ. ಇದು ಹುಲ್ಲೂ ಅಲ್ಲ. ಕೆಂಪು ಕಡಲಪಾಚಿಗಳಿಂದ ತೆಗೆದ ಶರ್ಕರಪಿಷ್ಟ. ಆದರೆ ನಮ್ಮ ಕರುಳಿನ ಕಿಣ್ವಗಳು ಇದನ್ನು ಒಡೆಯಲಾರವು. ಆದ್ದರಿಂದ ಇದು ನಾರಿನ ಲೆಕ್ಕಕ್ಕೆ ಸೇರುತ್ತದೆ. ಪ್ರಯೋಗಾಲಯಕ್ಕೆ ಅಗರ್ ಬಂದದ್ದೂ ಅಡುಗೆಮನೆಯಿಂದಲೇ. ಜರ್ಮನಿಯಲ್ಲಿ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯ ಬೆಳೆಸಲು ಜಿಲಾಟಿನ್ ಬಳಸುತ್ತಿದ್ದರು. ದೇಹದ ಉಷ್ಣತೆಯಲ್ಲಿ ಅದು ಕರಗಿಹೋಗುತ್ತಿತ್ತು, ಕೆಲವು ಬ್ಯಾಕ್ಟೀರಿಯಗಳು ಅದನ್ನೇ ತಿಂದು ನೀರಾಗಿಸುತ್ತಿದ್ದವು. 1881ರ ಸುಮಾರಿಗೆ ಅಲ್ಲಿನ ಸಂಶೋಧಕ ವಾಲ್ಟರ್ ಹೆಸ್ಸೆಗೆ ಆತನ ಪತ್ನಿ ಫ್ಯಾನಿ ಹೆಸ್ಸೆ, ತಾನು ಸಿಹಿತಿನಿಸಿಗೆ ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದಳು. ಇಂದಿಗೂ ಜಗತ್ತಿನ ಸೂಕ್ಷ್ಮಜೀವಿ ಪ್ರಯೋಗಾಲಯಗಳು ಅದನ್ನೇ ಬಳಸುತ್ತವೆ.

ಅಗರ್‌ನ ವಿಶೇಷ ಗುಣವೆಂದರೆ ಅದು ಕರಗುವ ಉಷ್ಣತೆಗೂ ಗಟ್ಟಿಯಾಗುವ ಉಷ್ಣತೆಗೂ ಇರುವ ಅಂತರ. ಗಟ್ಟಿಯಾದ ಅಗರ್ ಕರಗಲು ಸುಮಾರು 85° ಸೆ. ಬೇಕು. ಕರಗಿದ ಅಗರ್ ಸುಮಾರು 35-40° ಸೆ.ಗೆ ಇಳಿದರೆ ಮಾತ್ರ ಗಟ್ಟಿಯಾಗುತ್ತದೆ. ಇದರಿಂದ ಎರಡು ಲಾಭ. ಬೇಸಿಗೆಯ ಬಿಸಿಗೆ ಕೇಕ್ ಕರಗಿ ಹರಿಯುವುದಿಲ್ಲ. ಮತ್ತು ಅಗರ್ ಬಿಸಿಯಾಗಿದ್ದಾಗ ಬೆರೆಸಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಫ್ರಿಜ್ಜಿನಿಂದ ಆಗತಾನೆ ತೆಗೆದ ತಣ್ಣನೆಯ ಹೂರಣಕ್ಕೆ ಸುರಿದರೆ, ತಾಗಿದೊಡನೆ ಅದು ಎಳೆಎಳೆಯಾಗಿ ಗಟ್ಟಿಯಾಗಿ ಹೂರಣದಲ್ಲಿ ಗಂಟುಗಳು ಉಳಿಯುತ್ತವೆ. ಹಾಗೆಯೇ ಅಗರ್ ಅನ್ನು ನಿಂಬೆರಸದೊಡನೆ ಕುದಿಸಬಾರದು. ಆಮ್ಲ ಮತ್ತು ಶಾಖ ಸೇರಿ ಅದರ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ.

ಸಕ್ಕರೆ ಬರಿಯ ಸಿಹಿಯಲ್ಲ

ಸಕ್ಕರೆ ಸಿಹಿ ಕೊಡುವುದರ ಜೊತೆಗೆ ಗಾತ್ರವನ್ನೂ ಕೊಡುತ್ತದೆ. 130 ಗ್ರಾಂ ಸಕ್ಕರೆಯ ಬದಲು ಸಕ್ಕರೆಗಿಂತ 200-300 ಪಟ್ಟು ಸಿಹಿಯಾದ ಸ್ಟೀವಿಯ ಸಾರವನ್ನು ಅರ್ಧ ಗ್ರಾಂ ಹಾಕಿದರೆ ಸಿಹಿ ಬರುತ್ತದೆ, ಆದರೆ 130 ಗ್ರಾಂ ತೂಕ ಕಾಣೆಯಾಗುತ್ತದೆ, ಜೊತೆಗೆ ತುಸು ಕಹಿಯೂ ಉಳಿಯುತ್ತದೆ. ಎರಿಥ್ರಿಟಾಲ್ ಎಂಬ ಸಕ್ಕರೆ ಆಲ್ಕೊಹಾಲ್ ಸಕ್ಕರೆಯ ಶೇಕಡ 60-70ರಷ್ಟು ಸಿಹಿ. (ಹೆಸರಿನಲ್ಲಿ ಆಲ್ಕೊಹಾಲ್ ಇದ್ದರೂ ಇದರಲ್ಲಿ ಅಮಲಿಲ್ಲ.) ಕರುಳಿನಿಂದ ರಕ್ತಕ್ಕೆ ಸೇರಿದ ಎರಿಥ್ರಿಟಾಲ್ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಹೋಗುವುದರಿಂದ ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲ. ಆದರೆ ಇದಕ್ಕೂ ಮಿತಿಯಿದೆ. ಕೊಠಡಿಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಎರಿಥ್ರಿಟಾಲನ್ನಾದರೆ ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಮಾತ್ರ ಕರಗಿಸಬಲ್ಲದು. ಹೆಚ್ಚು ಹಾಕಿದರೆ ಫ್ರಿಜ್ಜಿನಲ್ಲಿ ಅದು ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಹರಳು ನಾಲಿಗೆಯ ಮೇಲೆ ಕರಗುವಾಗ ಶಾಖವನ್ನು ಹೀರಿಕೊಂಡು ಪುದೀನದಂತೆ ತಂಪನ್ನೂ ಉಂಟುಮಾಡುತ್ತದೆ. ಆದ್ದರಿಂದ ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸುವುದು ಜಾಣತನ.

'ಸಕ್ಕರೆ ಬೇಡ, ಬೆಲ್ಲ ಅಥವಾ ಜೇನು ಹಾಕಿದ್ದೇವೆ' ಎಂಬ ಸಮಾಧಾನ ಇಲ್ಲಿ ಸಲ್ಲದು. ಬೆಲ್ಲದ ಬಹುಪಾಲು ಸುಕ್ರೋಸೇ. ಜೇನಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆಗಳೇ.

ಬೇಕಾಗುವ ಸಾಮಗ್ರಿ

ತಳಕ್ಕೆ: ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 60 ಗ್ರಾಂ, ತುರಿದ ಒಣಕೊಬ್ಬರಿ 40 ಗ್ರಾಂ, ಕೊಬ್ಬರಿ ಎಣ್ಣೆ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು.

ಹೂರಣಕ್ಕೆ: ಮೆತ್ತನೆಯ ಸೋಯಾ ಪನೀರ್ 300 ಗ್ರಾಂ, ತೆಂಗಿನ ಮೊದಲ ಹಾಲು 150 ಮಿಲಿಲೀಟರ್, ಗೋಡಂಬಿ 50 ಗ್ರಾಂ, ನಿಂಬೆರಸ ಎರಡು ದೊಡ್ಡ ಚಮಚ, ತುರಿದ ನಿಂಬೆ ಸಿಪ್ಪೆ ಸ್ವಲ್ಪ, ಉಪ್ಪು ಕಾಲು ಸಣ್ಣ ಚಮಚ, ಎರಿಥ್ರಿಟಾಲ್ 60 ಗ್ರಾಂ, ರುಚಿ ನೋಡಿ ಸೇರಿಸಲು ಸ್ಟೀವಿಯ, ಅಗರ್ ಪುಡಿ 4 ಗ್ರಾಂ (ಸುಮಾರು ಎರಡು ಸಣ್ಣ ಚಮಚ), ನೀರು 120 ಮಿಲಿಲೀಟರ್, ವೆನಿಲ್ಲಾ ಕೆಲವು ಹನಿ.

ಮಾಡುವ ಕ್ರಮ

1. ಗೋಡಂಬಿಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಿಡಿ.

2. ಕಡಲೆಕಾಯಿ ಬೀಜ, ಕೊಬ್ಬರಿ, ಉಪ್ಪನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ಪುಡಿಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕೊಬ್ಬರಿ ಎಣ್ಣೆ ಕಲಸಿ, ತಳ ಬಿಚ್ಚಿಕೊಳ್ಳುವ 15 ಸೆಂಟಿಮೀಟರ್ ತಟ್ಟೆಯಲ್ಲಿ ಬಟ್ಟಲಿನಿಂದ ಒತ್ತಿ ಹರಡಿ ಫ್ರಿಜ್ಜಿನಲ್ಲಿಡಿ. ಬಿಸ್ಕತ್ತಿನ ತಳದಲ್ಲಿ ಬೆಣ್ಣೆ ಮಾಡುವ ಕೆಲಸವನ್ನು ಇಲ್ಲಿ ತಂಪಿಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆ ಮಾಡುತ್ತದೆ.

3. ಸೋಯಾ ಪನೀರನ್ನು ಐದು ನಿಮಿಷ ಕುದಿಸಿ ಸೋಸಿ, ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಹಗುರವಾದ ಭಾರ ಹೇರಿ.

4. ನೆಂದ ಗೋಡಂಬಿಯನ್ನು ತೆಂಗಿನ ಹಾಲಿನೊಡನೆ ಮೊದಲು ರುಬ್ಬಿ. ಬೆರಳಿನಲ್ಲಿ ಉಜ್ಜಿದರೆ ತರಿ ಸಿಗಬಾರದು. ಆಮೇಲೆ ಪನೀರ್, ನಿಂಬೆರಸ, ಸಿಪ್ಪೆಯ ತುರಿ, ಉಪ್ಪು, ವೆನಿಲ್ಲಾ ಹಾಕಿ ಮತ್ತೆ ನುಣ್ಣಗೆ ರುಬ್ಬಿ.

5. ಈ ಹೂರಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಕೈಗೆ ಚೆನ್ನಾಗಿ ಬೆಚ್ಚಗೆ ತಾಗುವವರೆಗೆ ತಿರುವಿ. ಸುಮಾರು 45-50° ಸೆ. ಸಾಕು.

6. ಬೇರೊಂದು ಪಾತ್ರೆಯಲ್ಲಿ ಅಗರ್ ಪುಡಿಯನ್ನು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಿಥ್ರಿಟಾಲ್ ಸೇರಿಸಿ, ಕೈಯಾಡಿಸುತ್ತ ಮೂರು ನಾಲ್ಕು ನಿಮಿಷ ಕುದಿಸಿ. ದ್ರವದಲ್ಲಿ ಕಣಗಳು ಕಾಣದಂತಾಗಬೇಕು.

7. ಕುದಿ ಇಳಿದೊಡನೆ ಅದನ್ನು ಬೆಚ್ಚನೆಯ ಹೂರಣಕ್ಕೆ ಸುರಿಯುತ್ತ ಬೇಗ ಬೇಗ ಕಲಸಿ. ಸಿಹಿ ನೋಡಿ ಸ್ಟೀವಿಯ ಸೇರಿಸಿ. ತಣ್ಣಗಿರುವಾಗ ಸಿಹಿ ತುಸು ಕಡಿಮೆ ಅನಿಸುವುದರಿಂದ ಈಗ ಸ್ವಲ್ಪ ಮುಂದಾಗಿಯೇ ಇರಲಿ. ಕೂಡಲೆ ತಳದ ಮೇಲೆ ಸುರಿದು ತಟ್ಟೆಯನ್ನು ಮೆಲ್ಲಗೆ ಕುಟ್ಟಿ ಗುಳ್ಳೆ ಹೋಗಿಸಿ.

8. ಅರ್ಧ ಗಂಟೆ ಹೊರಗೆ ಆರಿದ ನಂತರ ಮುಚ್ಚಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಡಿ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕೊಯ್ಯಿರಿ.

ಮೇಲೆ ಅಲಂಕಾರ ಬೇಕಿದ್ದರೆ ಎರಡು ಮೂರು ಸ್ಟ್ರಾಬೆರಿ ಸೀಳುಗಳು ಸಾಕು. ಮಾವಿನ ರಸ ಸುರಿದರೆ ಇಷ್ಟು ಹೊತ್ತು ಉಳಿಸಿದ ಲೆಕ್ಕ ಅಲ್ಲಿಯೇ ಖರ್ಚಾಗುತ್ತದೆ.

ಸರಿಬರದಿದ್ದರೆ

ಹೂರಣದಲ್ಲಿ ಎಳೆಯಂಥ ಗಂಟುಗಳಿದ್ದರೆ ಹೂರಣ ತಣ್ಣಗಿತ್ತು ಎಂದರ್ಥ. ಕೇಕ್ ಕೂಡಿಕೊಳ್ಳದೆ ಮೆದುವಾಗಿಯೇ ಉಳಿದರೆ ಅಗರ್ ಪೂರ್ತಿ ಕುದ್ದಿಲ್ಲ, ಇಲ್ಲವೆ ನಿಂಬೆಯೊಡನೆ ಕುದ್ದಿದೆ. ಕೊಯ್ದಾಗ ಜೆಲ್ಲಿಯಂತೆ ಗರಗರ ಮುರಿದರೆ ಅಗರ್ ಹೆಚ್ಚಾಗಿದೆ. ಮುಂದಿನ ಬಾರಿ ಒಂದು ಗ್ರಾಂ ಇಳಿಸಿ. ಅಗರ್ ಪುಡಿಗಳ ಬಲ ಎಲ್ಲವೂ ಒಂದೇ ಸಮನಿರುವುದಿಲ್ಲ. ಅಂಚಿನಲ್ಲಿ ನೀರು ಒಸರಿದರೆ ಪನೀರಿನ ನೀರು ಸರಿಯಾಗಿ ಇಳಿದಿಲ್ಲ. ಹಲ್ಲಿಗೆ ಮರಳು ಸಿಕ್ಕಿದರೆ ಎರಿಥ್ರಿಟಾಲ್ ಹೆಚ್ಚಾಗಿದೆ.

ಮತ್ತೊಮ್ಮೆ ಲೆಕ್ಕ

ನಾರನ್ನು ಕಳೆದು ಉಳಿದ ಶರ್ಕರಪಿಷ್ಟವನ್ನು ಕೂಡೋಣ. ಸೋಯಾ ಪನೀರಿನಿಂದ ಸುಮಾರು 6 ಗ್ರಾಂ, ತೆಂಗಿನ ಹಾಲಿನಿಂದ 5, ಗೋಡಂಬಿಯಿಂದ 13, ನಿಂಬೆಯಿಂದ 2, ಕಡಲೆಕಾಯಿ ಬೀಜದಿಂದ 5, ಕೊಬ್ಬರಿಯಿಂದ 3. ಒಟ್ಟು 34 ಗ್ರಾಂ. ಎಂಟು ಹೋಳಿಗೆ ಹಂಚಿದರೆ ಒಂದಕ್ಕೆ ನಾಲ್ಕು ಗ್ರಾಂ ಮತ್ತು ತುಸು. ಮಾಮೂಲಿ ಹೋಳಿನ 30 ಗ್ರಾಂ ಜೊತೆ ಹೋಲಿಸಿ ನೋಡಿ. ಕೇವಲ 50 ಗ್ರಾಂ ಗೋಡಂಬಿ 300 ಗ್ರಾಂ ಪನೀರಿನ ಎರಡರಷ್ಟು ಶರ್ಕರಪಿಷ್ಟ ಕೊಟ್ಟಿರುವುದನ್ನೂ ಗಮನಿಸಿ. ಇವೆಲ್ಲ ಸರಾಸರಿ ಅಂಕಿಗಳು. ತಳಿ, ತಯಾರಿಕೆಗೆ ತಕ್ಕಂತೆ ವ್ಯತ್ಯಾಸ ಇದ್ದೇ ಇರುತ್ತದೆ.

ಶರ್ಕರಪಿಷ್ಟ ಕಡಿಮೆ ಎಂದರೆ ಶಕ್ತಿ ಕಡಿಮೆ ಎಂದಲ್ಲ. ಒಂದು ಹೋಳಿನಲ್ಲಿ ಸುಮಾರು 200 ಕಿಲೋಕ್ಯಾಲೊರಿ ಇದೆ, ಅದರ ಬಹುಪಾಲು ಕೊಬ್ಬಿನಿಂದ ಬಂದದ್ದು. ತೆಂಗಿನ ಕೊಬ್ಬಿನಲ್ಲಿ ಪರ್ಯಾಪ್ತ ಕೊಬ್ಬು ಬೆಣ್ಣೆಯದಕ್ಕಿಂತಲೂ ಹೆಚ್ಚು. ಇದು ಹಬ್ಬದ ತಿನಿಸು, ದಿನನಿತ್ಯದ ಊಟವಲ್ಲ.

ಯಾರಿಗೆ, ಎಷ್ಟು ಎಚ್ಚರ?

'ಹಾಲು ಒಗ್ಗುವುದಿಲ್ಲ' ಎನ್ನುವವರಲ್ಲಿ ಎರಡು ಬಗೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯದ ನಂತರ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನರ ಸ್ಥಿತಿ ಇದು. ಇವರಿಗೆ ಆಗುವುದು ಹೊಟ್ಟೆಯುಬ್ಬರ, ಭೇದಿ; ಹೆಚ್ಚಿನವರು ಸ್ವಲ್ಪ ಹಾಲನ್ನು, ಮೊಸರನ್ನು ತಾಳಿಕೊಳ್ಳುತ್ತಾರೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರ ವಿಷಯ ಬೇರೆ. ಅಲ್ಲಿ ದೇಹದ ರೋಗರಕ್ಷಣಾ ವ್ಯವಸ್ಥೆಯೇ ಕೇಸೀನ್ ಮುಂತಾದವನ್ನು ಶತ್ರುವೆಂದು ಭಾವಿಸುತ್ತದೆ. ಕೊಂಚ ಪ್ರಮಾಣವೂ ಉಸಿರಾಟಕ್ಕೆ, ಜೀವಕ್ಕೆ ಅಪಾಯ ತರಬಹುದು. ಇಂಥವರಿಗೆ 'ಒಂದು ಚಮಚ ತುಪ್ಪ ಏನು ಮಾಡೀತು' ಎನ್ನುವಂತಿಲ್ಲ. ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಪೊಟ್ಟಣದ ಮೇಲೆ 'ನಾನ್-ಡೈರಿ' ಎಂದಿರುವ ಕ್ರೀಮುಗಳಲ್ಲಿ ಕೆಲವೊಮ್ಮೆ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನದೇ ಪ್ರೋಟೀನ್. ಮುಂಭಾಗದ ದೊಡ್ಡ ಅಕ್ಷರಗಳಿಗಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಬೇಕು. ನಮ್ಮ ದೇಶದ 2020ರ ಲೇಬಲ್ ನಿಯಮಗಳಂತೆ ಹಾಲು, ಸೋಯಾ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು ಇದ್ದರೆ ಅಲ್ಲಿ ನಮೂದಿಸಬೇಕು. ಈ ಪಟ್ಟಿಯನ್ನು ನೋಡಿದರೆ ಇನ್ನೊಂದು ವಿಷಯವೂ ಹೊಳೆಯುತ್ತದೆ: ನಮ್ಮ ಕೇಕಿನಲ್ಲಿರುವ ಮೂರು ಪದಾರ್ಥಗಳು ಬೇರೆಯವರಿಗೆ ಅಲರ್ಜಿ ತರಬಲ್ಲವು. ಬಡಿಸುವ ಮುನ್ನ ಏನೇನು ಹಾಕಿದೆ ಎಂದು ಹೇಳಿಬಿಡುವುದು ಒಳ್ಳೆಯದು.

ಸ್ಟೀವಿಯ ಪೊಟ್ಟಣಗಳನ್ನೂ ಹಾಗೆಯೇ ಓದಬೇಕು. ಸಾರವನ್ನು ಅಳೆಯಲು ಅನುಕೂಲವಾಗಲೆಂದು ಮಾಲ್ಟೊಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆಸಿರುವುದುಂಟು. ಇವು ಜೀರ್ಣವಾಗಿ ಗ್ಲೂಕೋಸ್ ಆಗುವ ಶರ್ಕರಪಿಷ್ಟಗಳೇ.

ಎರಿಥ್ರಿಟಾಲ್ ಬಗ್ಗೆ 2023ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಸಂಶೋಧಕರು ಒಂದು ವರದಿ ಪ್ರಕಟಿಸಿದರು. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಸಂಭವ ಹೆಚ್ಚಿತ್ತು ಎಂಬುದು ಅದರ ಸಾರ. ನಮ್ಮ ದೇಹ ತಾನೇ ಸ್ವಲ್ಪ ಎರಿಥ್ರಿಟಾಲನ್ನು ತಯಾರಿಸುತ್ತದೆ. ಆದ್ದರಿಂದ ಈ ನಂಟು ತಿಂದದ್ದರ ಪರಿಣಾಮವೇ ಎಂದು ಅದರಿಂದಲೇ ಸಿದ್ಧವಾಗುವುದಿಲ್ಲ. ಆದರೂ ಹೃದಯದ ಕಾಯಿಲೆ ಇರುವವರು ಇದನ್ನು ದಿನವೂ ಬಳಸುವ ಮುನ್ನ ವೈದ್ಯರನ್ನು ಕೇಳುವುದು ವಿವೇಕ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸುವ ಸಲುವಾಗಿ ಸ್ಟೀವಿಯದಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ಸಲಹೆ ಮಾಡಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದು ಹೇಳಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಬದಲು ಇಂಥ ತಿನಿಸು ತಿಂದರೆ ಗ್ಲೂಕೋಸ್ ತೀರ ಇಳಿಯುವ ಅಪಾಯವಿದೆ. ಔಷಧದ ಪ್ರಮಾಣ ನಿಗದಿಯಾಗಿರುವುದು ಮಾಮೂಲಿ ಊಟದ ಲೆಕ್ಕದಲ್ಲಿ.

ಕೊನೆಯದಾಗಿ, ಈ ಕೇಕಿನಲ್ಲಿ ನೀರೂ ಪ್ರೋಟೀನೂ ಹೆಚ್ಚು, ಸಕ್ಕರೆಯ ರಕ್ಷಣೆ ಇಲ್ಲ. ಸಕ್ಕರೆ ದಟ್ಟವಾಗಿದ್ದಾಗ ನೀರನ್ನು ಕಟ್ಟಿಹಾಕಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಎರಿಥ್ರಿಟಾಲ್ ಇಷ್ಟು ಕಡಿಮೆ ಪ್ರಮಾಣದಲ್ಲಿ ಆ ಕೆಲಸ ಮಾಡಲಾರದು. ಆದ್ದರಿಂದ ಕೇಕನ್ನು 5° ಸೆ.ಗಿಂತ ಕಡಿಮೆ ಉಷ್ಣತೆಯಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸಬೇಕು, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು.

ಮೊದಲ ಬಾರಿ ಮಾಡುವವರು ಪೂರ್ತಿ ಕೇಕಿಗೆ ಕೈಹಾಕುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡು ಬಟ್ಟಲುಗಳಲ್ಲಿ ಎರಡೆರಡು ದೊಡ್ಡ ಚಮಚ ಹೂರಣ ತೆಗೆದುಕೊಳ್ಳಿ. ಒಂದನ್ನು ಫ್ರಿಜ್ಜಿನಲ್ಲಿ ತಣಿಸಿ, ಇನ್ನೊಂದನ್ನು ಬಿಸಿನೀರಿನ ಮೇಲೆ ಬೆಚ್ಚಗಿಡಿ. ಎರಡಕ್ಕೂ ಕುದಿಸಿದ ಅಗರ್ ದ್ರವವನ್ನು ಒಂದೊಂದು ಸಣ್ಣ ಚಮಚ ಹಾಕಿ ಕಲಸಿ. ಕಾಲು ಗಂಟೆಯ ನಂತರ ಚಮಚದ ಹಿಂಬದಿಯಿಂದ ಒತ್ತಿ ನೋಡಿದರೆ, ಕೇಕ್ ಕೆಡುವುದು ಎಲ್ಲಿ ಎಂಬುದು ಕೈಗೇ ತಿಳಿಯುತ್ತದೆ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.